ಗೇಮ್ ಡೌನ್‌ಲೋಡ್ ಹಾಕಿದ ಕೂಡಲೇ ಮನೆಯವರ ಇಂಟರ್ನೆಟ್ ನಿಲ್ಲುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಊರು ಯಾವುದಾದರೂ ದೂರು ಒಂದೇ. ಮಹಡಿಯ ಕೋಣೆಯಲ್ಲಿ ಮಗ ಗೇಮ್ ಡೌನ್‌ಲೋಡ್‌ಗೆ ಹಾಕಿದ. ಕೆಳಗೆ ಅಕ್ಕನ ಆಫೀಸ್ ಮೀಟಿಂಗ್ ಕಟ್ಟಾಯಿತು. ಅಜ್ಜ ನೋಡುತ್ತಿದ್ದ ಯಕ್ಷಗಾನದ ಲೈವ್, ಭಾಗವತರು ಪದ ಎತ್ತಿಕೊಳ್ಳುವ ಹೊತ್ತಿಗೇ ಗಿರಗಿರ ಸುತ್ತತೊಡಗಿತು. ಆಮೇಲೆ ಎಲ್ಲರೂ ಸೇರಿ ದೊಡ್ಡ ಪ್ಲಾನ್ ಹಾಕಿಸುವ ಮಾತಾಡುತ್ತಾರೆ. ಅಲ್ಲಿಗೆ ಹೋಗುವ ಮೊದಲು ಪುಕ್ಕಟೆಯಾಗಿ ಮಾಡಬಹುದಾದದ್ದು ಬೇಕಾದಷ್ಟಿದೆ.

ಹತ್ತು ನಿಮಿಷದಲ್ಲಿ ಮೀಟಿಂಗ್ ಇದೆ. ಈಗಲೇ ಏನು ಮಾಡಲಿ?

ಡೌನ್‌ಲೋಡನ್ನು ಪಾಸ್ ಮಾಡಿ. ಕ್ಯಾನ್ಸಲ್ ಬೇಡ, ಪಾಸ್ ಸಾಕು. ಸ್ಟೀಮ್, ಎಪಿಕ್, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಎಲ್ಲವೂ ಬಿಟ್ಟಲ್ಲಿಂದಲೇ ಮುಂದುವರಿಸುತ್ತವೆ, ಇಳಿದಷ್ಟು ಹಾಳಾಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಲೈನ್ ಸರಿಹೋದರೆ ಕಾರಣ ಅದೇ ಎಂದಾಯಿತು. ಪಾಸ್ ಮಾಡಿ ಎರಡು ನಿಮಿಷವಾದರೂ ಹಾಗೇ ಇದ್ದರೆ ಕಾರಣ ಬೇರೆ. ಕೆಳಗೆ ‘ರೂಟರ್ ಪಕ್ಕದ ಕೋಣೆಯಲ್ಲೇ ಇದೆ’ ಮತ್ತು ‘ಕೇಬಲ್‌ನವರಿಗೆ ಯಾವಾಗ ಫೋನ್ ಮಾಡಬೇಕು’ ಎಂಬ ಪ್ರಶ್ನೆಗಳಿಗೆ ಹೋಗಿ.

ರೂಟರನ್ನು ಆಫ್ ಮಾಡಿ ಆನ್ ಮಾಡುವುದು ನಮ್ಮಲ್ಲಿ ಎಲ್ಲ ರೋಗಕ್ಕೂ ಮದ್ದು. ಇಲ್ಲಿ ಅದು ನಾಟುವುದಿಲ್ಲ. ಲೈನ್ ಮರಳಿ ಬಂದ ಕೂಡಲೇ ಡೌನ್‌ಲೋಡ್ ತಾನಾಗಿ ಮತ್ತೆ ಶುರುವಾಗುತ್ತದೆ, ಮೂರು ನಿಮಿಷ ದಂಡ.

ನಮ್ಮದು 100 ಎಂಬಿಪಿಎಸ್ ಲೈನ್. ಒಂದು ವಾಟ್ಸಾಪ್ ಕಾಲ್‌ಗೆ ಜಾಗ ಇರುವುದಿಲ್ಲವೇ?

ಜಾಗ ಇರುತ್ತದೆ, ಸರದಿ ಸಿಗುವುದಿಲ್ಲ. ಅರಬೈಲ್ ಘಟ್ಟದಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಬಿದ್ದ ಬೈಕನ್ನು ನೆನಪಿಸಿಕೊಳ್ಳಿ. ರಸ್ತೆ ಬಂದ್ ಆಗಿಲ್ಲ, ಬೈಕಿಗೆ ಬೇಕಾದ ಜಾಗವೂ ಅಂಗೈಯಷ್ಟು. ಆದರೂ ಮುಂದಿನ ಲಾರಿ ತೆವಳಿದಷ್ಟೇ ಬೈಕಿನ ಓಟ.

ಗೇಮ್ ಡೌನ್‌ಲೋಡ್ ಮಾಡುವ ಆ್ಯಪ್ ಒಂದೇ ಸಂಪರ್ಕದಲ್ಲಿ ಫೈಲ್ ತರಿಸುವುದಿಲ್ಲ. ಒಟ್ಟೊಟ್ಟಿಗೆ ಹತ್ತಾರು ಸಂಪರ್ಕ ತೆರೆದು ಲೈನ್ ತುಂಬುವವರೆಗೆ ಎಳೆಯುತ್ತದೆ. ಲೈನ್ ತುಂಬಿದ ಮೇಲೆ ಬರುವ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಣುಕುಗಳು) ಆಪರೇಟರ್ ಕಡೆಯ ಉಪಕರಣದಲ್ಲೋ ನಿಮ್ಮ ಮನೆಯ ಪೆಟ್ಟಿಗೆಯಲ್ಲೋ ಸಾಲುಗಟ್ಟುತ್ತವೆ. ಹೀಗೆ ಸಾಲು ನಿಲ್ಲಿಸಲು ಇರುವ ಮೆಮೊರಿಗೆ ಬಫರ್ ಎನ್ನುತ್ತಾರೆ. ಅದು ಬೇಕಾದದ್ದಕ್ಕಿಂತ ದೊಡ್ಡದಾಗಿ ತುಂಬಿಕೊಂಡು ಕಾಡುವುದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರೇ ಇದೆ. ಲೆಕ್ಕ ಹಾಕಿ ನೋಡಿ: 40 ಎಂಬಿಪಿಎಸ್ ಲೈನಿನಲ್ಲಿ 1 ಎಂಬಿಯಷ್ಟು ಪ್ಯಾಕೆಟ್ ಸಾಲು ನಿಂತರೆ ಅದು ಕರಗಲು 0.2 ಸೆಕೆಂಡ್ ಬೇಕು. ನಿಮ್ಮ ಮಾತಿನ ಪ್ರತಿ ತುಣುಕೂ ಅಷ್ಟು ತಡ. ಅದೇ 1 ಎಂಬಿ ಸಾಲು 5 ಎಂಬಿಪಿಎಸ್ ಅಪ್‌ಲೋಡ್ ಕಡೆ ನಿಂತರೆ 1.6 ಸೆಕೆಂಡ್. ಆಗ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವ ನಾಟಕ ನಡೆಯುತ್ತದೆ.

ಯಾವುದಕ್ಕೆ ಎಷ್ಟು ಬೇಕು ಎಂಬುದೂ ತಿಳಿದಿರಲಿ. ಎಚ್‌ಡಿ ವೀಡಿಯೊ ಮೀಟಿಂಗ್‌ಗೆ ಸುಮಾರು 2ರಿಂದ 4 ಎಂಬಿಪಿಎಸ್, ಯೂಟ್ಯೂಬ್‌ನಲ್ಲಿ 1080ಪಿಗೆ ಸುಮಾರು 5. ಆನ್‌ಲೈನ್ ಗೇಮ್ ಆಡುವುದಕ್ಕೆ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಬೇಡ, ಆದರೆ ತಡವನ್ನು ಅದು ಕೊಂಚವೂ ಸಹಿಸುವುದಿಲ್ಲ. ಆದ್ದರಿಂದಲೇ ತಮ್ಮ ಗೇಮ್ ಇಳಿಸುವಾಗ ಅಣ್ಣ ಗೇಮ್ ಆಡಿದರೆ ಮನೆಯಲ್ಲಿ ಜಗಳ ಗ್ಯಾರಂಟಿ.

ಇದು ಸರದಿಯದೇ ತೊಂದರೆ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಸ್ಪೀಡ್ ಟೆಸ್ಟ್‌ನಿಂದ ಅಲ್ಲ. ಡೌನ್‌ಲೋಡ್ ಓಡುತ್ತಿರುವಾಗ ಸ್ಪೀಡ್ ಟೆಸ್ಟ್ ಮಾಡಿದರೆ ಉಳಿದ ಪಾಲು ಮಾತ್ರ ಕಾಣುತ್ತದೆ. ಆ ಅಂಕಿ ಹಿಡಿದು ಕೇಬಲ್‌ನವರ ಜೊತೆ ವಾದಿಸಿ ಪ್ರಯೋಜನವಿಲ್ಲ. ನೋಡಬೇಕಾದದ್ದು ಪಿಂಗ್, ಅಂದರೆ ಕಳಿಸಿದ ಪುಟ್ಟ ಸಂದೇಶಕ್ಕೆ ಉತ್ತರ ಬರಲು ಹಿಡಿಯುವ ಸಮಯ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಎರಡರಲ್ಲೂ ಪಿಂಗ್ ಆಜ್ಞೆ ಕೊಡಬೇಕು: ಒಂದರಲ್ಲಿ ನಿಮ್ಮ ರೂಟರಿನ ವಿಳಾಸಕ್ಕೆ (ಹೆಚ್ಚಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ವಿಳಾಸ 8.8.8.8ಕ್ಕೆ. ವಿಳಾಸದ ಕೊನೆಗೆ ಒಂದು ಸ್ಪೇಸ್ ಬಿಟ್ಟು ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ ನಿಲ್ಲಿಸುವ ತನಕ ಓಡುತ್ತಲೇ ಇರುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ.

ಮೊದಲು ಎಲ್ಲ ಡೌನ್‌ಲೋಡ್ ನಿಲ್ಲಿಸಿ ಒಂದು ನಿಮಿಷ ನೋಡಿ. ರೂಟರ್‌ಗೆ 1ರಿಂದ 5 ಮಿಲಿಸೆಕೆಂಡ್, 8.8.8.8ಕ್ಕೆ ಫೈಬರ್‌ನಲ್ಲಿ 20ರಿಂದ 40ರ ಆಸುಪಾಸು ಬಂದರೆ ಲೈನ್ ಆರೋಗ್ಯವಾಗಿದೆ. ಈಗ ಗೇಮ್ ಡೌನ್‌ಲೋಡ್ ಶುರು ಮಾಡಿ, ಎರಡೂ ಕಿಟಕಿಗಳನ್ನು ಮತ್ತೆ ನೋಡಿ.

ರೂಟರ್ ಕಿಟಕಿಯಲ್ಲಿ 5 ಮಿಲಿಸೆಕೆಂಡೇ ಇದ್ದು 8.8.8.8ರದು ಮಾತ್ರ 200, 400, 700 ಎಂದು ಏರಿದರೆ ಸರದಿ ಲೈನಿನಲ್ಲಿದೆ. ಎರಡೂ ಒಟ್ಟಿಗೆ ಏರಿದರೆ ತೊಂದರೆ ವೈ-ಫೈಯಲ್ಲಿ. ಎರಡೂ ಏರದೆ ಫೋನ್ ಮಾತ್ರ ನಿಧಾನವಾದರೆ ಆ ಫೋನನ್ನೇ ನೋಡಬೇಕು. ಡೌನ್‌ಲೋಡ್ ಶುರು ಮಾಡುವ ಮೊದಲೇ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬ ಸಾಲು ನಡುನಡುವೆ ಬರುತ್ತಿದ್ದರೆ ಗೇಮಿನ ತಪ್ಪಿಲ್ಲ, ವೈ-ಫೈಯೋ ಲೈನೋ ಕೆಟ್ಟಿದೆ.

ಡೌನ್‌ಲೋಡ್‌ಗೆ ಎಷ್ಟು ಮಿತಿ ಹಾಕಬೇಕು?

ಲೈನಿನ ನಿಜವಾದ ವೇಗದ 60ರಿಂದ 70 ಶೇಕಡಾದಿಂದ ಶುರು ಮಾಡಿ. ಪಿಂಗ್ ಏರದಿದ್ದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಪ್ಲಾನಿನ ಕಾಗದದಲ್ಲಿರುವ ವೇಗ ಲೆಕ್ಕಕ್ಕಿಲ್ಲ. ರಾತ್ರಿ 9 ಗಂಟೆಗೆ, ಬೇರೇನೂ ಓಡದಾಗ, ಎಲ್‌ಎಎನ್ ಕೇಬಲ್ (ರೂಟರನ್ನೂ ಕಂಪ್ಯೂಟರನ್ನೂ ನೇರ ಜೋಡಿಸುವ ತಂತಿ) ಹಾಕಿ ಅಳೆದ ವೇಗ ತೆಗೆದುಕೊಳ್ಳಿ.

ಇಲ್ಲಿ ಬಿಟ್ ಮತ್ತು ಬೈಟ್ ಗೊಂದಲದಿಂದ ಬಹಳ ಜನ ಎಡವುತ್ತಾರೆ. ಆಪರೇಟರ್ ಹೇಳುವುದು ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ಆ್ಯಪ್ ತೋರಿಸುವುದು ಹೆಚ್ಚಾಗಿ ಮೆಗಾಬೈಟ್‌ನಲ್ಲಿ. 8 ಬಿಟ್‌ಗೆ 1 ಬೈಟ್. ಅಂದರೆ 40 ಎಂಬಿಪಿಎಸ್ ಲೈನಿನಲ್ಲಿ ಸ್ಟೀಮ್ ಸೆಕೆಂಡಿಗೆ 5 ಎಂಬಿ ತೋರಿಸಿದರೆ ಪೂರ್ತಿ ವೇಗ ಸಿಗುತ್ತಿದೆ ಎಂದರ್ಥ, ಮೋಸ ಏನೂ ಆಗಿಲ್ಲ. ಅದೇ ಲೈನನ್ನು 25 ಎಂಬಿಪಿಎಸ್‌ಗೆ ಮಿತಿಗೊಳಿಸಬೇಕಾದರೆ ಸೆಕೆಂಡಿಗೆ 3125 ಕೆಬಿ. ದುಂಡಗೆ 3000 ಎಂದು ಹಾಕಿ. ಕೆಬಿ ಕೇಳುವ ಚೌಕದಲ್ಲಿ 25 ಎಂದು ಹಾಕಿದವರ ಡೌನ್‌ಲೋಡ್ ದೀಪಾವಳಿಗೆ ಶುರುವಾಗಿ ಯುಗಾದಿಗೆ ಮುಗಿಯುತ್ತದೆ.

ಮಿತಿ ಹಾಕುವ ಜಾಗ ಎಲ್ಲಿದೆ?

ಸ್ಟೀಮ್: ಸೆಟ್ಟಿಂಗ್ಸ್, ಅದರಲ್ಲಿ ಡೌನ್‌ಲೋಡ್ಸ್, ಅಲ್ಲಿ ‘ಲಿಮಿಟ್ ಡೌನ್‌ಲೋಡ್ ಸ್ಪೀಡ್’. ಚೌಕದ ಪಕ್ಕ ಯಾವ ಅಳತೆ ಬರೆದಿದೆ ಎಂದು ನೋಡಿಯೇ ಅಂಕಿ ಹಾಕಿ. ಅದೇ ಪುಟದಲ್ಲಿ ಆಟೋ ಅಪ್‌ಡೇಟ್‌ಗೆ ಸಮಯ ಗೊತ್ತುಮಾಡುವ ಸೌಲಭ್ಯವಿದೆ. ರಾತ್ರಿ 11ರಿಂದ ಬೆಳಿಗ್ಗೆ 6ಕ್ಕೆ ಇಟ್ಟುಬಿಡಿ. ಆದರೆ ಆ ಸಮಯ ಅಪ್‌ಡೇಟ್‌ಗೆ ಮಾತ್ರ ಅನ್ವಯ. ಹೊಸ ಗೇಮಿಗೆ ಇನ್‌ಸ್ಟಾಲ್ ಒತ್ತಿದರೆ ಅದು ಆ ಕ್ಷಣವೇ ಹೊರಡುತ್ತದೆ. ಡೌನ್‌ಲೋಡ್ ರೀಜನ್ ಮುಂಬೈ ಅಥವಾ ಚೆನ್ನೈ ಇರಲಿ. ಒಂದು ಮಂದವೆನಿಸಿದರೆ ಇನ್ನೊಂದನ್ನು ಹಾಕಿ ನೋಡಿ.

ಎಪಿಕ್ ಗೇಮ್ಸ್: ಬಲ ಮೇಲ್ತುದಿಯ ಐಕಾನ್ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ‘ಥ್ರಾಟಲ್ ಡೌನ್‌ಲೋಡ್ಸ್’ ಸಿಗುತ್ತದೆ. ಲೆಕ್ಕ ಕೆಬಿಯಲ್ಲಿ. 0 ಅಂದರೆ ಮಿತಿಯೇ ಇಲ್ಲ.

ವಿಂಡೋಸ್‌ನ ಎಕ್ಸ್‌ಬಾಕ್ಸ್ ಆ್ಯಪ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್: ಆ್ಯಪ್‌ನೊಳಗೆ ಹುಡುಕಬೇಡಿ. ವಿಂಡೋಸ್ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಡೆಲಿವರಿ ಆಪ್ಟಿಮೈಸೇಷನ್ ಎಂಬ ದಾರಿಯಲ್ಲಿ ಒಳಗೆ ಹೋಗಿ. ಅಲ್ಲಿ ಹಿನ್ನೆಲೆಯ ಡೌನ್‌ಲೋಡ್‌ಗೆ ಒಂದು, ನೀವಾಗಿ ಶುರು ಮಾಡಿದ ಡೌನ್‌ಲೋಡ್‌ಗೆ ಒಂದು ಎಂದು ಎರಡು ಮಿತಿಗಳಿವೆ. ಬಹುತೇಕರು ಮೊದಲನೆಯದನ್ನು ಮಾತ್ರ ಹಾಕಿ ‘ಕೆಲಸ ಮಾಡುತ್ತಿಲ್ಲ’ ಎನ್ನುತ್ತಾರೆ. ಎರಡನ್ನೂ ಹಾಕಿ.

ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಕನ್ಸೋಲ್: ವೇಗಕ್ಕೆ ಅಂಕಿಯ ಮಿತಿ ಹಾಕುವ ಸೌಲಭ್ಯ ಇವುಗಳಲ್ಲಿಲ್ಲ. ಪ್ಲೇಸ್ಟೇಷನನ್ನು ರೆಸ್ಟ್ ಮೋಡ್‌ನಲ್ಲಿಟ್ಟು ರಾತ್ರಿ ಇಳಿಸಿಕೊಳ್ಳುವುದು ಒಂದು ದಾರಿ. ಅದಕ್ಕೆ ಪವರ್ ಸೇವಿಂಗ್ ವಿಭಾಗದಲ್ಲಿ ‘ಸ್ಟೇ ಕನೆಕ್ಟೆಡ್ ಟು ದಿ ಇಂಟರ್ನೆಟ್’ ಆನ್ ಇರಬೇಕು. ಮಿತಿಯೇ ಬೇಕೆಂದರೆ ರೂಟರ್‌ನಲ್ಲಿ ಹಾಕಬೇಕು.

ಫೋನ್: ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್, ನೆಟ್‌ವರ್ಕ್ ಪ್ರಿಫರೆನ್ಸಸ್. ಆಟೋ ಅಪ್‌ಡೇಟ್ ಬಂದ್ ಮಾಡಿ. ಬಿಜಿಎಂಐ ತರಹದ ಗೇಮ್‌ಗಳು ಪ್ಲೇ ಸ್ಟೋರ್‌ನಿಂದ ಇಳಿದ ಮೇಲೂ ಮ್ಯಾಪ್, ರಿಸೋರ್ಸ್ ಪ್ಯಾಕ್ ಎಂದು ಒಳಗಿನಿಂದ ಮತ್ತಷ್ಟು ತರಿಸಿಕೊಳ್ಳುತ್ತವೆ. ಪ್ಲೇ ಸ್ಟೋರ್‌ನ ಯಾವ ಸೆಟ್ಟಿಂಗೂ ಅದನ್ನು ತಡೆಯುವುದಿಲ್ಲ.

ರಾತ್ರಿ ಇಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆಯೇ?

ಲೆಕ್ಕ ಸುಲಭ: ಜಿಬಿಯನ್ನು 8000ದಿಂದ ಗುಣಿಸಿ ಎಂಬಿಪಿಎಸ್‌ನಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ಸೈಬರ್‌ಪಂಕ್ 2077 ಕೇಳುವ ಜಾಗ 70 ಜಿಬಿ, ರೆಡ್ ಡೆಡ್ ರಿಡೆಂಪ್ಷನ್ 2 ಕೇಳುವುದು 150 ಜಿಬಿ. 150 ಜಿಬಿಗೆ 40 ಎಂಬಿಪಿಎಸ್‌ನಲ್ಲಿ 8 ಗಂಟೆ 20 ನಿಮಿಷ, 100ರಲ್ಲಿ 3 ಗಂಟೆ 20 ನಿಮಿಷ. ಪ್ಯಾಕೆಟ್‌ಗಳ ಮೇಲ್ಖರ್ಚೆಂದು ಇದಕ್ಕೆ ಇನ್ನೊಂದು ಹತ್ತನೇ ಒಂದು ಭಾಗ ಸೇರಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 40 ಎಂಬಿಪಿಎಸ್ ಲೈನ್ ಪೂರ್ತಿ ಓಡಿದರೂ 144 ಜಿಬಿ ದಾಟುವುದಿಲ್ಲ. ಆದ್ದರಿಂದ ದೊಡ್ಡ ಗೇಮ್‌ಗಳನ್ನು ಎರಡು ರಾತ್ರಿಗೆ ಹಂಚಿ. ಹಾಗೆಯೇ ಸ್ಟೀಮ್‌ನ ವಾರದ ನಿರ್ವಹಣೆ ಸಾಮಾನ್ಯವಾಗಿ ನಮ್ಮ ಬುಧವಾರ ಬೆಳಗಿನ ಜಾವಕ್ಕೆ ಬೀಳುತ್ತದೆ. ಆಗ ಸ್ವಲ್ಪ ಹೊತ್ತು ಸಂಪರ್ಕ ತಪ್ಪಿದರೆ ಗಾಬರಿ ಬೇಡ.

ರೂಟರ್ ಪಕ್ಕದ ಕೋಣೆಯಲ್ಲೇ ಇದೆ. ಆದರೂ ರೂಟರ್‌ಗೇ ಪಿಂಗ್ ಏರುತ್ತದೆ. ಏಕೆ?

ನಡುವೆ ಎಂಥ ಗೋಡೆ ಇದೆ ನೋಡಿ. ನಮ್ಮ ಕಡೆಯ ಹಳೆ ಮನೆಗಳ ಚಿರೇಕಲ್ಲಿನ ಗೋಡೆ ಸುಲಭಕ್ಕೆ ಒಂದಡಿ ದಪ್ಪ, ಮಳೆಗಾಲದಲ್ಲಿ ತೇವ ಹೀರಿಕೊಂಡು ಕೂತಿರುತ್ತದೆ. 5 ಗಿಗಾಹರ್ಟ್ಸ್ ವೈ-ಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಫೋನ್ ಆಗ 2.4ಕ್ಕೆ ಜಾರುತ್ತದೆ, 2.4ರಲ್ಲಿ ಕೈಗೆ ಸಿಗುವ ವೇಗ ಸಾಮಾನ್ಯವಾಗಿ 40ರಿಂದ 60 ಎಂಬಿಪಿಎಸ್, ಅದೂ ಹತ್ತಿರದಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ವೈ-ಫೈಯಲ್ಲಿ ಹಂಚಿಕೆಯಾಗುವುದು ವೇಗವಲ್ಲ, ಸಮಯ. ದೂರದ ಕೋಣೆಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕುಳಿತ ಲ್ಯಾಪ್‌ಟಾಪ್ ನಿಧಾನವಾಗಿ ಮಾತಾಡುತ್ತದೆ, ಅಷ್ಟು ಹೊತ್ತು ಉಳಿದವರು ಬಾಯಿ ಮುಚ್ಚಿಕೊಂಡು ಕಾಯಬೇಕು. ಆದ್ದರಿಂದ ಅದು 10 ಎಂಬಿಪಿಎಸ್‌ನಲ್ಲಿ ಇಳಿಸುತ್ತಿದ್ದರೂ ರೂಟರಿನ ಎದುರಿಗೆ ಕುಳಿತವರಿಗೂ ತೊಂದರೆ.

ಮದ್ದು: ಗೇಮ್ ಇಳಿಸುವ ಯಂತ್ರಕ್ಕೆ ಎಲ್‌ಎಎನ್ ಕೇಬಲ್ ಹಾಕಿ. ಕ್ಯಾಟ್ 6, ಅಚ್ಚ ತಾಮ್ರದ್ದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದೂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ಒಂದು ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಇದೊಂದು ಕೇಬಲ್ ವೈ-ಫೈಯನ್ನು ಉಳಿದವರಿಗೆ ಬಿಟ್ಟುಕೊಡುತ್ತದೆ. 400 ರೂಪಾಯಿಯ ‘ಬೂಸ್ಟರ್’ ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಅಗ್ಗದ ಬೂಸ್ಟರ್ ಬಂದ ಪ್ಯಾಕೆಟನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಕೂಗುತ್ತದೆ, ಇರುವ ವೇಗವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. 2.4ರ ಚಾನೆಲನ್ನು 1, 6, 11ರಲ್ಲಿ ಒಂದಕ್ಕೆ ಇಡಿ.

ಕೇಬಲ್ ಹಾಕಿದೆ. ಈಗಲೂ 94 ಎಂಬಿಪಿಎಸ್‌ಗಿಂತ ಮೇಲೆ ಹೋಗುವುದಿಲ್ಲ.

94 ಎಂಬ ಅಂಕಿ ಕಂಡರೆ 100 ಎಂಬಿಪಿಎಸ್ ಪೋರ್ಟ್ ಎಂದೇ ತಿಳಿಯಿರಿ. ಕೇಬಲ್‌ನವರು ಕೊಡುವ ಅಗ್ಗದ ಓಎನ್‌ಯು (ಫೈಬರ್ ಬಂದು ಸೇರುವ) ಪೆಟ್ಟಿಗೆಗಳಲ್ಲಿ ಹಲವಕ್ಕೆ ಎರಡು ಪೋರ್ಟ್: ಒಂದು ಗಿಗಾಬಿಟ್, ಇನ್ನೊಂದು 100ರದು. ನೋಡಲು ಎರಡೂ ಒಂದೇ. ಇನ್ನೊಂದಕ್ಕೆ ಬದಲಿಸಿ ನೋಡಿ.

ಅದೂ ಅಲ್ಲವಾದರೆ ಕನೆಕ್ಟರ್. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಂದು ಕೈಕೊಟ್ಟರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕಾರವಾರ, ಗೋಕರ್ಣದ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಎಲ್‌ಎಎನ್ ಕೇಬಲ್ ತುದಿಯ ಆರ್‌ಜೆ45 ಪ್ಲಗ್ಗಿನ ಕಾಲುಗಳಿಗೆ ಹಸಿರು ಕಿಲುಬು ಹಿಡಿಯುವುದುಂಟು. ಪ್ಲಗ್ ಕಿತ್ತು ಬೆಳಕಿಗೆ ಹಿಡಿದು ನೋಡಿ, ಎಂಟು ಗೆರೆಗಳೂ ಚಿನ್ನದ ಬಣ್ಣದಲ್ಲಿ ಹೊಳೆಯಬೇಕು. ಕಿಲುಬು ಕಂಡರೆ ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ. ಪೆಟ್ಟಿಗೆಯ ಪೋರ್ಟ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೃದು ಬ್ರಷ್ ಸಾಕು. ಕರೆಂಟ್ ತೆಗೆದು ಮಾಡಿ, ಪೂರ್ತಿ ಒಣಗಲು ಬಿಡಿ.

ಪ್ರತಿ ಆ್ಯಪ್‌ನಲ್ಲಿ ಮಿತಿ ಹಾಕುತ್ತಾ ಕೂರಲು ಆಗದು. ರೂಟರ್‌ನಲ್ಲೇ ಒಮ್ಮೆ ಸರಿಮಾಡಬಹುದೇ?

ಮಾಡಬಹುದು, ನಿಜವಾದ ಪರಿಹಾರ ಅದೇ. ಆದರೆ ಒಂದು ವಿಷಯ ಮೊದಲು ಅರ್ಥವಾಗಬೇಕು. ಡೌನ್‌ಲೋಡ್‌ನ ಸರದಿ ನಿಲ್ಲುವುದು ಆಪರೇಟರ್ ಕಡೆ. ಅಲ್ಲಿ ನಿಮ್ಮ ಕೈ ನಡೆಯುವುದಿಲ್ಲ. ಸರದಿಯನ್ನು ನಿಮ್ಮ ರೂಟರಿಗೆ ಎಳೆದು ತಂದರೆ ಮಾತ್ರ ಯಾರನ್ನು ಮುಂದೆ ಬಿಡಬೇಕೆಂದು ರೂಟರ್ ನಿರ್ಧರಿಸಬಹುದು. ಅದಕ್ಕಾಗಿ ರೂಟರ್‌ನಲ್ಲಿ ಲೈನಿನ ವೇಗವನ್ನು ಬೇಕೆಂದೇ ಸ್ವಲ್ಪ ಕಡಿಮೆ ಹೇಳಬೇಕು: ಅಳೆದದ್ದರ 85ರಿಂದ 95 ಶೇಕಡಾ. ರೂಟರಿನ ಕ್ಯೂಓಎಸ್ (ಯಾರಿಗೆ ಮೊದಲ ಸರದಿ ಎಂದು ಗೊತ್ತುಮಾಡುವ) ಪುಟದಲ್ಲಿ ಪೂರ್ತಿ 100 ಎಂದೋ, ಧಾರಾಳವಾಗಿ 1000 ಎಂದೋ ತುಂಬಿದರೆ ಕ್ಯೂಓಎಸ್ ಇದ್ದೂ ಇಲ್ಲದಂತೆ.

ಸಾಮಾನ್ಯ ರೂಟರ್‌ಗಳ ಕ್ಯೂಓಎಸ್‌ನಲ್ಲಿ ಒಟ್ಟು ಬ್ಯಾಂಡ್‌ವಿಡ್ತ್ ತುಂಬಿ, ಆಫೀಸ್ ಲ್ಯಾಪ್‌ಟಾಪನ್ನು ಹೈ ಪ್ರಯಾರಿಟಿಗೆ ಹಾಕಬಹುದು. ಪ್ಲೇಸ್ಟೇಷನ್ ಇರುವ ಮನೆಗೆ ಇದೇ ಸರಳ ದಾರಿ.

ಇದಕ್ಕಿಂತ ಎಷ್ಟೋ ಚೆನ್ನಾದದ್ದು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ಸಾಫ್ಟ್‌ವೇರ್ ಹಾಕಬಹುದಾದ ರೂಟರ್‌ನಲ್ಲಿ ಎಸ್‌ಕ್ಯೂಎಂ ಎಂಬ ಸರದಿ ನಿರ್ವಹಣೆ. ಇದು ಯಾವ ಯಂತ್ರ ಮುಖ್ಯ ಎಂದು ಕೇಳುವುದೇ ಇಲ್ಲ. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಒಂದೊಂದರಿಂದ ಸರದಿಯಂತೆ ಪ್ಯಾಕೆಟ್ ಬಿಡುತ್ತದೆ, ಸಾಲು ಉದ್ದವಾದರೆ ಎಳೆಯುವವರಿಗೆ ನಿಧಾನಿಸಲು ಸೂಚನೆ ಕೊಡುತ್ತದೆ. ಬೈಕಿಗೆ ಬೇರೆ ಲೇನ್ ಸಿಕ್ಕಂತೆ. ಹಾಕುವ ಕ್ರಮ ಹೀಗೆ: ಎಸ್‌ಕ್ಯೂಎಂ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಇಂಟರ್‌ಫೇಸ್‌ನಲ್ಲಿ ವ್ಯಾನ್ (ಹೊರಗಿನ ಲೈನ್ ಬರುವ ಪೋರ್ಟ್) ಆರಿಸಿ, ವೇಗವನ್ನು ಕಿಲೋಬಿಟ್‌ನಲ್ಲಿ ತುಂಬಿ (ಅಳೆದ ಡೌನ್‌ಲೋಡ್ 40, ಅಪ್‌ಲೋಡ್ 20 ಎಂಬಿಪಿಎಸ್ ಆಗಿದ್ದರೆ 36000 ಮತ್ತು 18000), ಕ್ಯೂ ಡಿಸಿಪ್ಲಿನ್‌ನಲ್ಲಿ ‘ಕೇಕ್’, ಸ್ಕ್ರಿಪ್ಟ್‌ನಲ್ಲಿ ‘ಪೀಸ್ ಆಫ್ ಕೇಕ್’, ಲಿಂಕ್ ಲೇಯರ್‌ನಲ್ಲಿ ಈಥರ್ನೆಟ್, ಓವರ್‌ಹೆಡ್ 44. ಹಾರ್ಡ್‌ವೇರ್ ಆಫ್‌ಲೋಡ್ ಆನ್ ಇದ್ದರೆ ಆಫ್ ಮಾಡಿ, ಇಲ್ಲವಾದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಕಣ್ಣು ತಪ್ಪಿಸಿ ಹೋಗುತ್ತವೆ. ಆಮೇಲೆ ಡೌನ್‌ಲೋಡ್ ಓಡಿಸಿ ಪಿಂಗ್ ನೋಡುತ್ತಾ 1000, 1000ದಂತೆ ಏರಿಸಿ. ಪಿಂಗ್ ಏರತೊಡಗಿದ ಕಡೆಯಿಂದ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ.

ಇದಕ್ಕೆ ರೂಟರಿನ ಪ್ರೊಸೆಸರ್‌ಗೆ ಸಾಕಷ್ಟು ಕೆಲಸ ಬೀಳುತ್ತದೆ. ಹಳೆಯ ಅಗ್ಗದ ರೂಟರ್‌ಗಳು 100ರಿಂದ 200 ಎಂಬಿಪಿಎಸ್‌ಗೆ ಸುಸ್ತಾಗುತ್ತವೆ. ಒಂದೇ ಮಾಡೆಲ್‌ನಲ್ಲೂ ವರ್ಷನ್ ಬದಲಾದರೆ ಓಪನ್‌ಡಬ್ಲ್ಯುಆರ್‌ಟಿ ಹಿಡಿಯದಿರಬಹುದು. ತಳದ ಸ್ಟಿಕ್ಕರ್‌ನಲ್ಲಿ ವರ್ಷನ್ ನೋಡಿಯೇ ಕೊಳ್ಳಿ. ಆಪರೇಟರ್ ಕೊಟ್ಟ ಪೆಟ್ಟಿಗೆಗೆ ಇದನ್ನು ಹಾಕುವ ಸಾಹಸ ಬೇಡ. ಅದನ್ನು ಹಾಗೇ ಬಿಟ್ಟು, ಅದರ ಹಿಂದೆ ನಿಮ್ಮ ರೂಟರ್ ಇಟ್ಟು, ಪೆಟ್ಟಿಗೆಯ ವೈ-ಫೈ ಆಫ್ ಮಾಡಿ. ಆಫ್ ಮಾಡದಿದ್ದರೆ ಯಾರೋ ಅದಕ್ಕೇ ಸೇರಿಕೊಂಡು ನಿಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತಾರೆ.

ಡೌನ್‌ಲೋಡ್ ಮುಗಿದರೂ ನೆಟ್ ನಿಧಾನ. ಈಗೇನು?

ಮೂರು ಕಡೆ ನೋಡಿ.

ಅಪ್‌ಲೋಡ್: ಡೆಲಿವರಿ ಆಪ್ಟಿಮೈಸೇಷನ್‌ನಲ್ಲಿ ಇಂಟರ್ನೆಟ್‌ನ ಇತರ ಕಂಪ್ಯೂಟರ್‌ಗಳ ಜೊತೆ ಹಂಚಿಕೊಳ್ಳುವ ಆಯ್ಕೆ ಆನ್ ಇದ್ದರೆ ನಿಮ್ಮ ಕಂಪ್ಯೂಟರ್ ತಾನು ಇಳಿಸಿದ್ದನ್ನು ಹೊರಗಿನವರಿಗೆ ಬಡಿಸುತ್ತಿರುತ್ತದೆ. ಆಫ್ ಮಾಡಿ, ಅಥವಾ ಮನೆಯ ನೆಟ್‌ವರ್ಕ್‌ಗೆ ಸೀಮಿತಗೊಳಿಸಿ. ಮದುವೆಯಿಂದ ಬಂದ ರಾತ್ರಿ ಎಲ್ಲರ ಫೋನೂ ಗೂಗಲ್ ಫೋಟೋಸ್‌ಗೆ ವೀಡಿಯೊ ಏರಿಸುವುದೂ ಇದೇ ಜಾತಿ. ಡೌನ್‌ಲೋಡ್‌ಗೂ ಅಪ್‌ಲೋಡ್ ದಾರಿ ಬೇಕು: ‘ಬಂತು, ಮುಂದಿನದು ಕಳಿಸು’ ಎಂಬ ರಸೀದಿಗಳು ಮೇಲೆ ಹೋಗಬೇಕಲ್ಲ. 100 ಎಂಬಿಪಿಎಸ್ ಡೌನ್‌ಲೋಡ್‌ಗೆ ಸುಮಾರು 2 ಎಂಬಿಪಿಎಸ್ ರಸೀದಿಗೇ ಹೋಗುತ್ತದೆ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ಕುಂಟುತ್ತದೆ.

ಎಫ್‌ಯುಪಿ: ‘ಅನ್‌ಲಿಮಿಟೆಡ್’ ಎಂದು ಮಾರುವ ಪ್ಲಾನ್‌ಗಳಿಗೂ ತಿಂಗಳ ಮಿತಿಯೊಂದು ಇರುತ್ತದೆ. ಹಲವು ದೊಡ್ಡ ಪ್ಲಾನ್‌ಗಳಲ್ಲಿ ಅದು 3300 ಜಿಬಿ. ಅಲ್ಲಿಗೆ ಮುಟ್ಟುವವರು ಕಡಿಮೆ. ಸಣ್ಣ ಪ್ಲಾನ್‌ಗಳಲ್ಲಿ ಇನ್ನೂ ಕೆಳಗಿರುತ್ತದೆ, ಎರಡು ದೊಡ್ಡ ಗೇಮ್ ಇಳಿಸಿ ಒಂದನ್ನು ಅಳಿಸಿ ಮತ್ತೆ ಇಳಿಸಿದರೆ 450 ಜಿಬಿ ಹೋಯಿತು. ಮಿತಿ ದಾಟಿದ ಗುರುತು ಸ್ಪಷ್ಟ: ಹಗಲು ರಾತ್ರಿ ಒಂದೇ ಅಂಕಿಗೆ ಅಂಟಿಕೊಂಡ ಸ್ಪೀಡ್, ತಿಂಗಳು ತಿರುಗಿದ ದಿನ ತಾನಾಗಿ ಸರಿ.

ಮೂರನೆಯದು ನೆಟ್ಟೇ ಅಲ್ಲ, ಹಾರ್ಡ್ ಡಿಸ್ಕ್. ಸ್ಟೀಮ್ ಇಳಿಸಿದ್ದನ್ನು ಬಿಚ್ಚಿ ಜೋಡಿಸುವಾಗ ಡಿಸ್ಕ್ ಉಸಿರುಗಟ್ಟಿ ಕಂಪ್ಯೂಟರೇ ತೆವಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡಾ, ನೆಟ್‌ವರ್ಕ್ ಸೊನ್ನೆ ಎಂದಿದ್ದರೆ ರೂಟರನ್ನು ಬೈಯಬೇಡಿ. ಫೋನ್‌ನಲ್ಲಿ ನೆಟ್ ಚೆನ್ನಾಗಿಯೇ ಓಡುತ್ತಿರುತ್ತದೆ.

ಮಳೆಗಾಲದಲ್ಲಿ ದೊಡ್ಡ ಡೌನ್‌ಲೋಡ್ ಹಾಕಬಹುದೇ?

ಹಾಕಬಹುದು, ಕರೆಂಟಿನದೇ ಚಿಂತೆ. ಕರೆಂಟ್ ಹೋಗಿ ಡೌನ್‌ಲೋಡ್ ನಿಂತರೆ ನಷ್ಟವಿಲ್ಲ. ಬಿಚ್ಚಿ ಜೋಡಿಸುವ ಹೊತ್ತಿಗೆ ಹೋದರೆ ಕೆಲ ಫೈಲ್ ಕೆಡಬಹುದು. ಸ್ಟೀಮ್‌ನಲ್ಲಿ ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ ‘ವೆರಿಫೈ ಇಂಟೆಗ್ರಿಟಿ’ ಒತ್ತಿದರೆ ಕೆಟ್ಟ ತುಣುಕನ್ನಷ್ಟೇ ಮತ್ತೆ ತರಿಸುತ್ತದೆ. ಇಡೀ ಗೇಮ್ ಅಳಿಸುವ ಮೊದಲು ಇದನ್ನು ಮಾಡಿ.

ರೂಟರಿಗೆ 12 ವೋಲ್ಟ್ ಮಿನಿ ಯುಪಿಎಸ್ ಒಳ್ಳೆಯ ವಸ್ತು. ಡಬ್ಬಿಯ ಮೇಲೆ 8800 ಎಂಎಎಚ್ ಎಂದಿರುವುದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ: ಸುಮಾರು 32 ವ್ಯಾಟ್-ಅವರ್, ನಷ್ಟ ಕಳೆದರೆ 26. ಓಎನ್‌ಯು ಒಂದೇ 7 ವ್ಯಾಟ್ ತಿಂದರೆ ಮೂರೂವರೆ ಗಂಟೆಯ ಮೇಲೆ ಬರುತ್ತದೆ. ಜೊತೆಗೆ ಇನ್ನೊಂದು ರೂಟರ್ ಹಾಕಿದರೆ ಎರಡು ಗಂಟೆಯೂ ಕಷ್ಟ. ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆ್ಯಂಪಿಯರ್ ಎರಡನ್ನೂ ಹೊಂದಿಸಿ ನೋಡಿ.

ಸಿಡಿಲಿನ ಕಾಲದಲ್ಲಿ ಅಡಾಪ್ಟರನ್ನು ಸಾಕೆಟ್‌ನಿಂದ ಕಿತ್ತಿಡಿ, ಸ್ವಿಚ್ ಆಫ್ ಸಾಲದು. ಗಾಜಿನ ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಸಿಡಿಲಿನ ಹೊಡೆತ ಬರುವುದು ವಿದ್ಯುತ್ ಲೈನಿನಿಂದ ಮತ್ತು ತಾಮ್ರದ ಎಲ್‌ಎಎನ್ ಕೇಬಲ್‌ನಿಂದ. ಮನೆಯಿಂದ ಅಂಗಳ ದಾಟಿ ಕೊಟ್ಟಿಗೆ ಮಹಡಿಗೋ ಹೊರಗಿನ ಕೋಣೆಗೋ ಎಲ್‌ಎಎನ್ ಕೇಬಲ್ ಎಳೆದಿದ್ದರೆ ಎರಡೂ ತುದಿಯ ಯಂತ್ರಗಳು ಒಟ್ಟಿಗೆ ಹೋಗಬಹುದು. ಕಟ್ಟಡದಿಂದ ಕಟ್ಟಡಕ್ಕೆ ಒಂದು ಜೊತೆ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರಿಗೆ ಜೋಡಿಸುವ ಪೆಟ್ಟಿಗೆ) ಹಾಕಿ ಫೈಬರ್ ಎಳೆಸಿ.

ಕೇಬಲ್‌ನವರಿಗೆ ಯಾವಾಗ ಫೋನ್ ಮಾಡಬೇಕು, ಏನು ಹೇಳಬೇಕು?

ಯಾವ ಡೌನ್‌ಲೋಡೂ ಇಲ್ಲದಾಗ, ಎಲ್‌ಎಎನ್ ಕೇಬಲ್‌ನಲ್ಲಿಯೂ ಪಿಂಗ್ ತಪ್ಪುತ್ತಿದ್ದರೆ. ‘ನೆಟ್ ಸ್ಲೋ ಇದೆ’ ಎಂದರೆ ‘ರೂಟರ್ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರವೇ ಬರುವುದು. ಬದಲಿಗೆ ಅಂಕಿ ಹೇಳಿ: ಎಷ್ಟು ಗಂಟೆಗೆ, ಕೇಬಲ್ ಹಾಕಿ ಎಷ್ಟು ಬಂತು, ನೂರು ಪಿಂಗ್‌ನಲ್ಲಿ ಎಷ್ಟು ತಪ್ಪಿತು, ಓಎನ್‌ಯು ಪುಟದಲ್ಲಿ ಆರ್‌ಎಕ್ಸ್ ಪವರ್ (ಫೈಬರ್‌ನಲ್ಲಿ ಬಂದು ಸೇರುವ ಬೆಳಕಿನ ಬಲ) ಎಷ್ಟು. ಆ ಅಂಕಿ ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ನೆಮ್ಮದಿ. ಮೈನಸ್ 27ಕ್ಕೆ ಹತ್ತಿರವಾದರೆ ಎಲ್ಲೋ ಬೆಳಕು ಸೋರುತ್ತಿದೆ: ತೋಟದಲ್ಲಿ ಅಡಿಕೆ ಸೋಗೆ ಬಿದ್ದು ಕೇಬಲ್ ಜಗ್ಗಿರಬಹುದು, ಮಂಗ ಜೋತಾಡಿರಬಹುದು, ಮನೆಯೊಳಗೆ ಮೊಳೆಗೆ ಸುತ್ತಿ ಮಡಿಸಿರಬಹುದು. ಒಳಗಿನ ಹಳದಿ ತಂತಿಯನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಓಎನ್‌ಯು ಮೇಲಿನ ಕೆಂಪು ಎಲ್‌ಒಎಸ್ ದೀಪ (ಬೆಳಕು ಬರುತ್ತಿಲ್ಲ ಎಂಬ ಸೂಚನೆ) ಮಿನುಗಿದರೆ ಅದು ನಿಮ್ಮಿಂದ ಆಗುವ ರಿಪೇರಿಯಲ್ಲ. ಕಿತ್ತ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ.

ಪ್ರತಿ ಸಂಜೆ 8ರಿಂದ 11 ಮಾತ್ರ ನಿಧಾನವಾದರೆ ಅದು ಊರಿನ ಲೈನಿನ ದಟ್ಟಣೆ. ಒಂದೇ ಫೈಬರ್ ಹಲವು ಮನೆಗೆ ಕವಲೊಡೆಯುವ ಸಾಮಾನ್ಯ ಜಿಪಾನ್ ಜಾಲದಲ್ಲಿ ಸುಮಾರು 2.5 ಗಿಗಾಬಿಟ್ಟನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದಕ್ಕೂ ಮೇಲೆ ಆಪರೇಟರ್ ಊರಿಗೆ ತಂದಿರುವ ಲೈನ್ ಎಷ್ಟು ದಪ್ಪ ಎಂಬ ಪ್ರಶ್ನೆಯಿದೆ. ಇದಕ್ಕೆ ನಿಮ್ಮ ಪ್ಲಾನ್ ಏರಿಸುವುದು ಮದ್ದಲ್ಲ.

ಹಾಗಾದರೆ ಪ್ಲಾನ್ ಏರಿಸಲೇಬಾರದೇ?

ಮಿತಿ ಹಾಕಿದ ಮೇಲೂ ದಿನವಿಡೀ ಸಾಲದು ಎನಿಸಿದರೆ ಏರಿಸಿ. ಬರೀ ಸರದಿಯ ತೊಂದರೆಗೆ ಏರಿಸಿದರೆ ಗೇಮ್ ಬೇಗ ಇಳಿಯುತ್ತದೆ, ಇಳಿಯುವಷ್ಟು ಹೊತ್ತು ಕಾಲ್ ಹಾಗೆಯೇ ಕಟ್ಟಾಗುತ್ತದೆ.

ನಮ್ಮೂರಿಗೆ ಫೈಬರ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಎಲ್ಲ.

ಜೋಯಿಡಾ ಕಡೆಯ ಹಳ್ಳಿಗಳಿಂದ, ಶಿರಸಿಯ ಒಳ ಊರುಗಳಿಂದ ಬರುವ ಪ್ರಶ್ನೆ. ದಿನಕ್ಕೆ 2 ಜಿಬಿಯ ಪ್ಲಾನ್‌ನಲ್ಲಿ 70 ಜಿಬಿಗೆ 35 ದಿನ ಬೇಕು, ಮಿತಿ ದಾಟಿದ ಮೇಲೆ ಸಿಗುವ 64 ಕೆಬಿಪಿಎಸ್‌ನಲ್ಲಿ ಯುಪಿಐ ಪಾವತಿಗೂ ಪರದಾಟ. ವಿಂಡೋಸ್‌ನಲ್ಲಿ ಆ ವೈ-ಫೈಗೆ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಹಿನ್ನೆಲೆಯ ಬಹುತೇಕ ಅಪ್‌ಡೇಟ್ ನಿಲ್ಲುತ್ತದೆ.

ಗೇಮನ್ನು ಡಿಸ್ಕ್‌ನಲ್ಲಿ ಹೊತ್ತು ತನ್ನಿ. ಪೇಟೆಯಲ್ಲಿರುವ ನೆಂಟರ ಮನೆಯ ಫೈಬರ್‌ನಲ್ಲಿ ನಿಮ್ಮ ಖಾತೆಯಿಂದಲೇ ಇಳಿಸಿ, ಯುಎಸ್‌ಬಿ 3.0 ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿಕೊಳ್ಳಿ; ಸೆಕೆಂಡಿಗೆ 100 ಎಂಬಿ ಸಿಕ್ಕರೆ 150 ಜಿಬಿಗೆ 25 ನಿಮಿಷ. ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ 4 ಜಿಬಿ ಮುಟ್ಟಿದ ಫೈಲ್ ಕೂರುವುದಿಲ್ಲ, ಗೇಮ್‌ಗಳಲ್ಲಿ ಅಂಥವೇ ತುಂಬಾ. ಊರಿಗೆ ಬಂದು ‘ಸ್ಟೀಮ್‌ಆ್ಯಪ್ಸ್’ ಫೋಲ್ಡರ್ ಒಳಗಿನ ‘ಕಾಮನ್’ಗೆ ಗೇಮಿನ ಫೋಲ್ಡರ್ ನಕಲಿಸಿ, ಆಮೇಲೆ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಗುರುತಿಸಿ ಕೊರತೆಯಷ್ಟನ್ನೇ ಇಳಿಸುತ್ತದೆ. ಒತ್ತುವ ಮೊದಲು ಫೋಲ್ಡರಿನ ಹೆಸರು ಅಕ್ಷರಕ್ಕೆ ಅಕ್ಷರ ಹಾಗೇ ಇದೆಯೇ ನೋಡಿ. ಹೆಸರು ಬದಲಾಗಿದ್ದರೆ ಸ್ಟೀಮ್ ಅದನ್ನು ಕಾಣದೆ ಮೊದಲಿನಿಂದ ಇಳಿಸತೊಡಗುತ್ತದೆ.

ಮನೆಯಲ್ಲೇ ಇನ್ನೊಂದು ಕಂಪ್ಯೂಟರ್‌ನಲ್ಲಿ ಆ ಗೇಮ್ ಇದ್ದರೆ ಇಷ್ಟೂ ಬೇಡ. ಎರಡರಲ್ಲೂ ಸ್ಟೀಮ್ ತೆರೆದಿಟ್ಟು, ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ‘ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್’ ಆನ್ ಮಾಡಿ. 2023ರಿಂದ ಈ ಸೌಲಭ್ಯವಿದೆ; ಇಂಟರ್ನೆಟ್ ಮುಟ್ಟದೆ ಮನೆಯೊಳಗೇ ನಕಲಾಗುತ್ತದೆ. ಎರಡನ್ನೂ ಎಲ್‌ಎಎನ್ ಕೇಬಲ್‌ನಲ್ಲಿಡಿ, ವೈ-ಫೈಯಲ್ಲಿ ಮಾಡಿದರೆ ಅಜ್ಜನ ಯಕ್ಷಗಾನ ಮತ್ತೆ ಸುತ್ತತೊಡಗುತ್ತದೆ.